ಈ ದೇಶಕ್ಕೆ ಮಾತ್ರ

ಆದೇಶ ಬಂದ ದಿನ ವಕೀಲ ಮಾವ ಗೇಟಿನಿಂದಲೇ ಕೂಗಿದರು. "ಅಕ್ಕಾ, ಕಾಫಿಗೆ ಸಕ್ಕರೆ ಜಾಸ್ತಿ ಹಾಕು. ನಿನ್ನ ಮಗಳ ಮಾನ ವಾಪಸ್ ತಂದಿದೀನಿ."

ಮಗಳು ಲೆಕ್ಕದ ಟೀಚರ್. ಮನೆಯ ಹಿಂದಿನ ಕೋಣೆಯೇ ಅವಳ ಶಾಲೆ. ಒಂದು ಕಂಪ್ಯೂಟರ್, ಒಂದು ಬಿಳಿ ಹಲಗೆ, ಮುಖಕ್ಕೆ ಬೆಳಕು ಬೀಳಲೆಂದು ಕಿಟಕಿಯ ಎದುರಿಗೆ ಎಳೆದಿಟ್ಟ ಮೇಜು. ಪಾಠ ಹೇಳಿಸಿಕೊಳ್ಳುವ ಮಕ್ಕಳೆಲ್ಲ ಬೇರೆ ಬೇರೆ ದೇಶದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು. ಆ ಮಕ್ಕಳಿಂದಲೇ ಮನೆ ನಡೆಯುತ್ತಿತ್ತು.

ಯಾರೋ ಅವಳ ಪಾಠದ ತುಣುಕೊಂದನ್ನು ಕದ್ದು, ಅವಳದೇ ಮುಖ, ಅವಳದೇ ಧ್ವನಿ ಅನ್ನಿಸುವ ಹಾಗೆ ಆಡದ ಮಾತು ಆಡಿಸಿದ್ದರು. ವಿಡಿಯೊದಲ್ಲಿ ಅವಳು ಅಳುತ್ತಿರುವ ಹುಡುಗಿಗೆ, "ನಿನ್ನ ತಲೇಲಿರೋದು ಬರೀ ಸಗಣಿ. ನಿನ್ನನ್ನ ಹೆತ್ತವರು ನಾಚಿಕೆಪಡಬೇಕು" ಅನ್ನುತ್ತಾಳೆ. ಮಾಡಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಹೋದರು.

ಪೊಲೀಸಿನವರು, "ಕಂಪನಿ ನಮ್ಮ ದೇಶದ್ದಲ್ಲಮ್ಮ, ನಾವೇನು ವಿಮಾನ ಹತ್ತೋಣವಾ?" ಅಂದರು. ಕಂಪನಿಯಲ್ಲಿ ಮನುಷ್ಯರೇ ಸಿಗಲಿಲ್ಲ. ವಿಡಿಯೊ ತಮ್ಮ ನಿಯಮ ಮೀರಿಲ್ಲ, ತಕರಾರಿದ್ದರೆ ಕೋರ್ಟಿನ ಆದೇಶ ತನ್ನಿ ಎಂದು ಯಂತ್ರವೊಂದು ಉತ್ತರಿಸಿತು. ಆಗ ಅಮ್ಮ ತನ್ನ ತಮ್ಮನ ಹೆಸರು ತೆಗೆದಳು.

ಮಾವ ಆಯಸ್ಸೆಲ್ಲ ಸವೆಸಿದ್ದು ಜಮೀನಿನ ವ್ಯಾಜ್ಯದಲ್ಲಿ. ಪೂರ್ವಕ್ಕೆ ಇಂಥವರ ಗೋಡೆ, ಪಶ್ಚಿಮಕ್ಕೆ ಇಂಥ ಬಾವಿ ಎಂದು ಚಕ್ಕುಬಂದಿ ಬರೆಯದ ಅರ್ಜಿ ಅವರ ಕಣ್ಣಿಗೆ ಅರ್ಜಿಯೇ ಅಲ್ಲ. ಈ ಅರ್ಜಿಯನ್ನೂ ಹಾಗೇ ಬರೆದರು. ಅವಳ ಪೂರ್ಣ ಹೆಸರು, ಊರು, ಕಸುಬು, ವಿಡಿಯೊ ಎಲ್ಲೆಲ್ಲಿದೆಯೋ ಅಷ್ಟೂ ಲಿಂಕು, ಅದರಲ್ಲಿ ಆಡಿದ ಮಾತು ಅಕ್ಷರಕ್ಕೆ ಅಕ್ಷರ. "ಒಂದು ಚುಕ್ಕೆ ಬಿಟ್ಟರೂ ಆ ಕಳ್ಳರು ಸಂದಿಯಲ್ಲಿ ನುಸುಳ್ತಾರೆ" ಅಂದರು. ಜಡ್ಜ್ ಅದನ್ನೆಲ್ಲ ಹಾಗೇ ಆದೇಶಕ್ಕೆ ಇಳಿಸಿದರು.

ಕಾಫಿ ಕುಡಿಯುತ್ತ ಮಾವ ಫೋನ್ ಚಾಚಿದರು. ಅಮ್ಮ ಕನ್ನಡಕ ಏರಿಸಿ ಓದಿದಳು. "ಈ ವಿಡಿಯೊ ನಿಮ್ಮ ದೇಶದಲ್ಲಿ ಲಭ್ಯವಿಲ್ಲ. ಅಬ್ಬಾ! ಪೀಡೆ ತೊಲಗಿತು."

ಟೀಚರ್ ಫೋನ್ ಇಸಕೊಂಡಳು. "ನಿಮ್ಮ ದೇಶದಲ್ಲಿ ಅಂತಿದೆ. ಉಳಿದ ದೇಶದಲ್ಲಿ?"

"ನಮ್ಮ ಜಡ್ಜ್ ಕೈ ಅಷ್ಟು ಉದ್ದ ಇಲ್ಲಮ್ಮ. ಅಲ್ಲಿ ಬೇಕಾದ್ರೆ ಅಲ್ಲಲ್ಲಿನ ಕೋರ್ಟಿಗೆ ಹೋಗಬೇಕು."

"ಮಾವ, ಈ ದೇಶದಲ್ಲಿ ನನ್ನ ಹತ್ತಿರ ಓದೋ ಮಗು ಒಂದೂ ಇಲ್ಲ."

"ಅದನ್ನ ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ದೆ. ನೀವು ಫೋನಲ್ಲಿದ್ರಿ."

"ಸಾಕು ಸುಮ್ಮನಿರೇ" ಎಂದು ಅಮ್ಮ ಗದರಿದಳು. "ಓಡಾಡಿದವನಿಗೆ ಇದೇನಾ ಮರ್ಯಾದೆ?"

ಉಳಿದಿದ್ದವಳು ಒಬ್ಬಳೇ ಶಿಷ್ಯೆ. ವಾರ ಕಳೆಯುವುದರೊಳಗೆ ಅವಳ ತಾಯಿಯ ಸಂದೇಶ ಬಂತು. ನಿಮ್ಮ ವಿಷಯ ಗಾಳಿಮಾತು ಅಂದುಕೊಂಡಿದ್ದೆವು, ಹುಡುಕಿದರೂ ವಿಡಿಯೊ ಸಿಕ್ಕಿರಲಿಲ್ಲ. ಈಗ ನಿಮ್ಮ ಹೆಸರು ಹಾಕಿದರೆ ಮೊದಲು ಬರುವುದೇ ಕೋರ್ಟಿನ ಆದೇಶ, ಅದರಲ್ಲಿ ಎಲ್ಲ ಲಿಂಕೂ ಇವೆ, ನೋಡಿದೆವು. ಮಾತಾಡಬೇಕು.

ಟೀಚರ್ ಮಾವನ ಆಫೀಸಿಗೆ ಓಡಿದಳು. ಮಾವ ಗೋಡೆಯ ಕನ್ನಡಿಯ ಕಡೆ ಮುಖ ಮಾಡಿ ತಲೆ ಬಾಚಿಕೊಳ್ಳುತ್ತಿದ್ದರು.

"ಕೋರ್ಟಿನವರು ಆದೇಶವನ್ನ ಇಂಟರ್ನೆಟ್ಟಿಗೆ ಹಾಕಿದಾರೆ, ಮಾವ."

"ಹಾಕದೆ? ನ್ಯಾಯ ಅಂದಮೇಲೆ ಬಹಿರಂಗವಾಗಿ ಇರಬೇಕು."

"ಅದರಲ್ಲಿರೋ ಲಿಂಕ್ ಒತ್ತಿದರೆ ಹೊರದೇಶದಲ್ಲಿ ವಿಡಿಯೊ ಓಡುತ್ತೆ. ತೆಗೆಸಿ ಅಂದವರೇ ದಾರಿ ತೋರಿಸಿದ ಹಾಗಾಯ್ತು."

ಮಾವ ಬಾಚಣಿಗೆ ಕೆಳಗಿಟ್ಟರು. "ಹೆಸರು, ಲಿಂಕು ಅಳಿಸಿ ಅಂತ ಇನ್ನೊಂದು ಅರ್ಜಿ ಹಾಕಬಹುದು. ಆದರೆ ಯಾವ ಆದೇಶ, ಯಾರದು, ಏನು ಅಂತ ಅದರಲ್ಲೂ ಬರೀಬೇಕಾಗುತ್ತೆ. ಅದನ್ನೂ ಅವರು ಇಂಟರ್ನೆಟ್ಟಿಗೆ ಹಾಕ್ತಾರೆ." ಬಾಚಣಿಗೆಯನ್ನು ಮತ್ತೆ ಎತ್ತಿಕೊಂಡು, "ನಮ್ಮ ಕೇಸು ಹೆಸರು ಮಾಡಿದೆ ಕಣೇ. ಎಲ್ಲೆಲ್ಲಿಂದಲೋ ವಕೀಲರು ಫೋನ್ ಮಾಡಿ ಕೇಳ್ತಿದಾರೆ" ಅಂದರು.

"ನನಗೂ ಹೆಸರು ತಂದಿದೆ" ಎಂದು ಅವಳು ಹೊರಟಳು.

ಸಂಜೆ ಪಾಠದ ಹೊತ್ತಿಗೆ ಪರದೆಯಲ್ಲಿ ಶಿಷ್ಯೆ ಇರಲಿಲ್ಲ, ತಾಯಿ ಕೂತಿದ್ದರು. ಸಭ್ಯ ಹೆಂಗಸು.

"ನಾವು ನಿಮ್ಮನ್ನ ನಂಬ್ತೀವಿ ಟೀಚರ್. ನಮ್ಮೆಜಮಾನ್ರಿಗೆ ಮಾತ್ರ ಅನುಮಾನ. ಆ ಮಾತನ್ನ ನೀವೇ ಒಂದು ಸಲ ಹೇಳಿಬಿಡಿ. ಧ್ವನಿ ಬೇರೆ ಅಂತ ಗೊತ್ತಾದರೆ ಮಗಳು ನಾಳೆಯಿಂದಲೇ ಬರ್ತಾಳೆ."

ಟೀಚರ್ ಬಾಗಿಲ ಕಡೆ ನೋಡಿದಳು. ಒಳಗೆ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಈ ಶಿಷ್ಯೆಯೂ ಹೋದರೆ ಈ ಕೋಣೆಯಲ್ಲಿ ಕೂರಲು ಕಾರಣವೇ ಇರಲಿಲ್ಲ.

"ಯಾವ ಮಾತು?"

"ಅದೇ... ಸಗಣಿ."

ಅವಳು ಹೇಳಿದಳು. ಮೆಲ್ಲಗೆ, ಪಾಠ ಒಪ್ಪಿಸುವವಳ ಹಾಗೆ.

"ಅದರಲ್ಲಿ ಸಿಟ್ಟಿದೆ ಟೀಚರ್. ಸಿಟ್ಟಿನಿಂದ ಹೇಳಿದರೆ ತಾನೇ ಹೋಲಿಸೋಕಾಗೋದು?"

ಈ ಸಲ ಸಿಟ್ಟನ್ನು ಎಲ್ಲಿಂದಲೂ ತರಬೇಕಾಗಲಿಲ್ಲ. ಮಾವ, ಜಡ್ಜ್, ಉತ್ತರ ಕೊಟ್ಟ ಯಂತ್ರ, ಎದುರಿಗಿದ್ದ ಸಭ್ಯ ಮುಖ ಎಲ್ಲ ಒಟ್ಟಿಗೆ ಗಂಟಲಿಗೆ ಬಂದವು. "ನಿನ್ನ ತಲೇಲಿರೋದು ಬರೀ ಸಗಣಿ! ನಿನ್ನನ್ನ ಹೆತ್ತವರು ನಾಚಿಕೆಪಡಬೇಕು!"

ಒಳಗೆ ಪಾತ್ರೆಯ ಸದ್ದು ನಿಂತಿತು.

ಆ ತಾಯಿ ಪಕ್ಕಕ್ಕೆ ತಿರುಗಿದರು. ಪರದೆಯ ಆಚೆಯಿಂದ ಗಂಡಸಿನ ಧ್ವನಿ, "ಸಾಕು, ರೆಕಾರ್ಡ್ ಆಯ್ತು" ಅಂದಿತು.