ಹಗಲಿನ ಕಥೆಗೊಂದು ಹೂಂ

ಕಂದು ಬಣ್ಣದ ಕ್ರೆಯಾನ್ ಮೂಗಿಗೆ ಹಿಡಿದು ಮೂಸುತ್ತಿದ್ದಾಳೆ ಅಜ್ಜಿ, ಬೆಲ್ಲದ ಚೂರು ಅಂದುಕೊಂಡಳೋ ಏನೋ, ಬಾಯಿಗೆ ಹಾಕ್ಕೋಬ್ಯಾಡ ಅಂತ ನಾನು ಕಣ್ಣಲ್ಲೇ ಹೇಳಿದರೆ, ನನಗೇನು ಬುದ್ಧಿ ಇಲ್ಲೇನು ಅಂತ ಅವಳೂ ಕಣ್ಣಲ್ಲೇ ಗದರಿಸಿದಳು, ಮೂರು ತಿಂಗಳಿಂದ ನಮ್ಮಿಬ್ಬರ ಸಂಸಾರ ಹೀಗೇ, ಅವಳ ಬೈಗುಳವೆಲ್ಲ ಗಂಟಲು ಖಾಲಿ ಮಾಡಿ ಕಣ್ಣಿಗೆ ವಲಸೆ ಬಂದಿದೆ. ಗಂಟ್ಲು ಸ್ವಚ್ಛ ಐತ್ರಿ, ಅಂದಿದ್ದರು ಹಡಗಲಿಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಒಳಗೆ ಯಾರೋ ಕಸ ಗುಡಿಸಿಟ್ಟ ಹಾಗೆ, ಮಾತು ಮನಸಿನಾಗ ಸಿಕ್ಕೊಂಡೈತಿ, ಹರಪನಹಳ್ಳ್ಯಾಗ ಕಲೆಯಿಂದ ಗುಣ ಮಾಡೋ ಶಿಬಿರ ಐತಿ, ಕರ್ಕೊಂಡು ಹೋಗವ್ವ. ಅದಕ್ಕೇ ಇಟ್ಟಿಗಿಯಿಂದ ಎರಡು ಬಸ್ಸು ಬದಲಿಸಿ ಬಂದು, ಬಸ್ ಸ್ಟ್ಯಾಂಡಿನ ಎದುರಿನ ಈ ಮಹಡಿಯಲ್ಲಿ, ಜಮಖಾನದ ಮೇಲೆ, ಬಿಳಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇವೆ. ಫಾರ್ಮಿನಲ್ಲಿ ನಿಮ್ಮ ಕಲೆ ಯಾವುದು ಅಂತ ಕೇಳಿದ್ದರು, ಗಾಯನ, ಚಿತ್ರ, ಕಸೂತಿ, ಇತರೆ, ನಾನು ಇತರೆಗೆ ಗೀಟು ಹಾಕಿದೆ, ನನ್ನ ಹತ್ತಿರ ಇಪ್ಪತ್ಮೂರು ವರ್ಷದಿಂದ ಇರುವುದೆಲ್ಲ ಆ ಇತರೆಯೇ, ರಾಕ್ಷಸರು, ಏಳು ಮಲ್ಲಿಗೆ ತೂಕದ ರಾಣಿಯರು, ಮಾತಾಡುವ ಒನಕೆ, ಎಲ್ಲ ಇವಳ ಬಾಯಿಂದ ಬಿದ್ದವು, ಈಗ ಆ ಬಾಯಿ ಕ್ರೆಯಾನಿನ ಮುಂದೆ ಗಟ್ಟಿಯಾಗಿ ಮುಚ್ಚಿದೆ. ಕಲೆ ಅಂದ್ರೆ ಬರೀ ಚಿತ್ರ ಅಲ್ಲಮ್ಮಾ, ಅಂತಿದ್ದಾರೆ ಶಿಬಿರದ ಅರ್ಚನಾ ಮೇಡಂ, ರೊಟ್ಟಿ ಬಡಿಯೋದೂ ಕಲೆ, ಸೀರೆ ಮಡಚೋದೂ ಕಲೆ. ಪಕ್ಕದಲ್ಲಿ ಕೂತ ಕೂಡ್ಲಿಗಿ ಕಡೆಯ ಚೌಡಕ್ಕ, ಆರು ತಿಂಗಳಿಂದ ನಿದ್ದಿ ಬರವಲ್ದು ಅಂತ ಬಂದವಳು, ತಟ್ಟನೆ ಕೇಳಿದಳು, ಹಂಗಾರ ನಮ್ಮನಿಯವ್ರು ನಿಂತ ನಿಲುವಿಗೆ ಸುಳ್ಳು ಹೇಳ್ತಾರಲ್ರಿ, ಅದೂ ಕಲೇನ್ರಿ? ಮೇಡಂ ಒಂದು ಗಳಿಗೆ ಯೋಚಿಸಿ, ಅದೂ ಒಂಥರಾ ಅಂದರು. ಚೌಡಕ್ಕ ಬರೆದ ಎಮ್ಮೆ ಹಸಿರು, ಇದು ನಿಮ್ಮೊಳಗಿನ ಕೋಪ ಅಲ್ವಾ ಅಂತ ಮೇಡಂ ಮೆತ್ತಗೆ ಕೇಳಿದರೆ, ಕೋಪ ಅಲ್ರಿ, ಕರೀ ಕಡ್ಡೀನೂ ಆ ಮುದುಕಿ ಹತ್ರಾನ ಐತಿ, ಕೊಡವಲ್ಲಳು, ಅಂದಳು.

ರೊಟ್ಟಿ ಬಡಿಯುವುದು ಕಲೆಯಾದರೆ ಹೂಂಗುಟ್ಟುವುದು ಯಾಕಲ್ಲ, ನಮ್ಮಜ್ಜನಿಗೆ ಅದೊಂದೇ ಬರುತ್ತಿತ್ತು, ಐವತ್ತೆರಡು ವರ್ಷ ಬೇರೇನೂ ಮಾಡಲಿಲ್ಲ ಅನ್ನುತ್ತಿದ್ದಳು ಅಜ್ಜಿ, ಹೊಲ ನಾನು ನೋಡಿದೆ, ಮಕ್ಕಳನ್ನ ನಾನು ಹಡೆದೆ, ಈ ಮನುಷ್ಯಾ ಬರೀ ಹೂಂ ಅಂದ. ಆದರೆ ಎಂಥ ಹೂಂ, ರಾಜ ಬಂದರೆ ಎದ್ದು ನಿಂತಂಥದು, ಹುಲಿ ಬಂದರೆ ಕಂಬಳಿ ಎಳೆದುಕೊಂಡಂಥದು, ಸವತಿ ಬಂದರೆ ಮಾತ್ರ ಅಜ್ಜಿಯ ಮುಖ ನೋಡಿಕೊಂಡು ಅರ್ಧ. ಹೂಂ ಅನ್ನೋರಿಲ್ಲದ ಕಥಿ ಕಾಲಿಲ್ಲದ ಹೊರಸು ಇದ್ದಂಗ, ಅದರ ಮ್ಯಾಲೆ ಯಾರು ಮಲಗ್ತಾರ, ಅನ್ನುತ್ತಿದ್ದಳು. ಅಜ್ಜ ಹೋದ ಮೇಲೆ ಆ ಕಾಲು ಜೋಡಿಸಲು ಎಲ್ಲರೂ ನೋಡಿದೆವು, ನನ್ನ ತಮ್ಮ ಮೈಲಾರೇಶ ತನ್ನ ಹೂಂ ಅನ್ನು ಮೊಬೈಲಿನಲ್ಲಿ ಹಿಡಿದು, ಐದೈದು ಸೆಕೆಂಡಿಗೊಮ್ಮೆ ಬರುವ ಹಾಗೆ ಮಾಡಿ ಅಜ್ಜಿಯ ತಲೆದೆಸೆಗೆ ಇಟ್ಟ, ಅಜ್ಜಿ ತುಟಿ ಬಿಚ್ಚಲಿಲ್ಲ, ಮೊಬೈಲ್ ಮಾತ್ರ ಚಾರ್ಜು ಮುಗಿಯುವ ತನಕ ಯಾರದೋ ಕಥೆಗೆ ಹೂಂ ಹೂಂ ಅಂತ ತಲೆದೂಗಿತು. ಹೂಂ ಇಲ್ಲದ್ದಕ್ಕಲ್ಲ ಅವಳು ಸುಮ್ಮನಾದದ್ದು, ಅದು ನನಗೊಬ್ಬಳಿಗೆ ಗೊತ್ತು, ಆಸ್ಪತ್ರೆಯಲ್ಲಿ ನಾನೇ ಇದ್ದೆನಲ್ಲ, ಮಧ್ಯಾಹ್ನ ಮೂರು ಗಂಟೆ, ಕಿಟಕಿಯಲ್ಲಿ ಬಿಸಿಲು, ಅಜ್ಜ ಅಂದ, ದಾಕ್ಷಾಯಣಿ, ಹೊತ್ತು ಹೋಗವಲ್ದು, ಒಂದು ಕಥಿ ಹೇಳು. ಹಗಲಿನಾಗ ಕಥಿ ಹೇಳಿದ್ರ ದಾರ್ಯಾಗಿರೋರು ದಾರಿ ತಪ್ತಾರ, ಸುಮ್ಕಿರ್ರಿ. ಮಂಚದ ಮ್ಯಾಲೆ ಬಿದ್ದೀನಿ, ನಾನೆಲ್ಲಿ ದಾರಿ ತಪ್ಪಲೇ? ಅಜ್ಜಿ ನಕ್ಕಳು, ಹೇಳಿದಳು, ಹಳೆಯದಲ್ಲ, ಅವನಿಗಾಗಿ ಆಗಿಂದಾಗಲೇ ಕಟ್ಟಿದ ಹೊಸ ಕಥೆ, ಸೀನಿದರೆ ಮೂಗಿನಿಂದ ಗಿಣಿ ಹಾರುವ ಸೊಸೆಯದು, ಅತ್ತೆ ಮೆಣಸಿನಪುಡಿ ಊದಿ ಊದಿ ಸೀನಿಸುತ್ತಾಳೆ, ಗಿಣಿ ಹಿಡಿದು ಸಂತೆಗೆ ಒಯ್ಯುತ್ತಾಳೆ, ಹೂಂ, ಸೊಸೆ ತಪ್ಪಿಸಿಕೊಂಡು ಏಳು ಬಾಗಿಲ ಮನೆಗೆ ಓಡುತ್ತಾಳೆ, ಹೂಂ, ಆರು ಬಾಗಿಲು ದಾಟುತ್ತಾಳೆ, ಹೂಂ, ಏಳನೇ ಬಾಗಿಲಿನ ಚಿಲಕಕ್ಕೆ ಕೈ ಹಾಕುತ್ತಾಳೆ — ಏಳನೇ ಬಾಗಿಲಿನ ಚಿಲಕಕ್ಕೆ, ಕೇಳಿಸಿತೇನ್ರಿ — ಕೈ ಹಾಕುತ್ತಾಳೆ. ಹಗಲಿನಾಗ ಹೇಳಬಾರದಿತ್ತು, ನಾನ ದಾರಿ ತಪ್ಪಿಸಿದೆ, ಅಂದಳು ಅಜ್ಜಿ, ಅದೇ ಕೊನೆಯ ಮಾತು.

ಶೈಲಾ, ನೀವಾದ್ರೂ ಅಜ್ಜಿ ಪರವಾಗಿ ಏನಾದ್ರೂ ಮಾಡಿ, ಅರ್ಚನಾ ಮೇಡಂ ನನ್ನ ಮುಂದೆಯೇ ಕೂತುಬಿಟ್ಟರು, ಹಾಡಿ, ಕುಣೀರಿ, ಏನಾದ್ರೂ, ನಾನು ಹಾಡಿದರೆ ಹಸಿರು ಎಮ್ಮೆಯೂ ಎದ್ದು ಹೋಗುತ್ತದೆ, ಕುಣಿಯಲು ಜಮಖಾನ ತೂತು, ನನ್ನ ಬಾಯಿ ನನ್ನನ್ನು ಕೇಳದೆಯೇ ಶುರು ಮಾಡಿತು, ಒಂದೂರಿನಾಗ ಒಬ್ಬ ಸೊಸೆ, ಆಕಿ ಸೀನಿದ್ರ ಗಿಣಿ. ಅಜ್ಜಿಯ ಕೈ ನನ್ನ ಮಣಿಕಟ್ಟು ಹಿಡಿಯಿತು, ಉಗುರು ಚುಚ್ಚುತ್ತಿದೆ, ಹಗಲು, ಹಗಲು, ಅನ್ನುತ್ತಿದೆ ಉಗುರು, ಕಿಟಕಿಯಾಚೆ ಕಂಡಕ್ಟರು ಕೊಟ್ಟೂರು ಕೊಟ್ಟೂರು ಕೊಟ್ಟೂರು, ಅಯ್ಯೋ ಆ ಬಸ್ಸು ನನ್ನಿಂದ ದಾರಿ ತಪ್ಪಿ ಹಗರಿಬೊಮ್ಮನಹಳ್ಳಿಗೆ ಹೋದರೆ, ಹೋಗಲಿ, ಅಲ್ಲೂ ಜನ ಇದ್ದಾರೆ, ನಾನು ನಿಲ್ಲಿಸಲಿಲ್ಲ, ಮೆಣಸಿನಪುಡಿ ಊದಿದೆ, ಗಿಣಿ ಹಾರಿಸಿದೆ, ಮೊದಲ ಬಾಗಿಲು ದಾಟುವಷ್ಟರಲ್ಲಿ ಚೌಡಕ್ಕನ ತಲೆ ವಾಲಿತು, ಎರಡನೆಯದಕ್ಕೆ ಗೊರಕೆ, ಆರು ತಿಂಗಳ ನಿದ್ದೆ ಒಮ್ಮೆಗೇ ಇಳಿದಿದೆ, ಮೇಡಂ ಖುಷಿಯಾಗಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಮೂರನೇ ಬಾಗಿಲು, ಗೊರ್, ನಾಲ್ಕನೇ ಬಾಗಿಲು, ಗೊರ್, ಸರಿಯಾಗಿ ಹೂಂ ಬರಬೇಕಾದ ಜಾಗದಲ್ಲೇ ಗೊರಕೆ, ಅಜ್ಜಿ ಚೌಡಕ್ಕನ ಕಡೆ ನೋಡಿದ ನೋಟ, ಉಪ್ಪಿಲ್ಲದ ಸಾರು ಬಡಿಸಿದವಳನ್ನು ನೋಡುವ ನೋಟ, ಕೆಳಗೆ ಬಸ್ಸು ಹೊರಟಿತು, ಅಜ್ಜಿಯ ಕಣ್ಣು ಅದರ ಬೆನ್ನಿಗೇ ಹೋಯಿತು, ಬಸ್ಸು ತಿರುವಿನಲ್ಲಿ ನಿಧಾನಿಸಿ, ಯೋಚಿಸಿದ ಹಾಗೆ ನಿಂತು, ಕೊಟ್ಟೂರಿನ ದಾರಿಗೇ ತಿರುಗಿತು, ಮಣಿಕಟ್ಟಿನ ಉಗುರು ಒಂದೊಂದಾಗಿ ಸಡಿಲ, ಐದನೇ ಬಾಗಿಲು, ಆರನೇ ಬಾಗಿಲು, ಬಂದೇಬಿಟ್ಟಿತು, ಏಳನೇ ಬಾಗಿಲಿನ ಚಿಲಕಕ್ಕ ಕೈ ಹಾಕಿದಳು ಅಂದೆ, ನಿಂತೆ, ಮುಂದೆ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಚೌಡಕ್ಕನ ಗೊರಕೆ ಮೇಲಕ್ಕೆದ್ದು ಬರುವುದರೊಳಗೆ ಅದಕ್ಕೆ ಅಡ್ಡ ಬಂದು, ಒರಟಾಗಿ, ತುಕ್ಕು ಹಿಡಿದು,

ಹೂಂ.

ಅಜ್ಜಿ. ಮೇಡಂ ಪೆನ್ನು ಬೀಳಿಸಿದರು, ಅಜ್ಜಿ ಅವರನ್ನು ನೋಡಲೂ ಇಲ್ಲ, ನನ್ನನ್ನೇ ನೋಡುತ್ತಿದ್ದಾಳೆ, ಹೂಂ, ಮುಂದ? ಲೇ ಶೈಲೀ, ಚಿಲಕಾ ಹಿಡಕೊಂಡು ನಿಂತರ ಕೈ ಸೋಲ್ತೈತಿ ಆಕೀಗೆ, ತಗಿ. ಹೇಳುವವಳು ನೀನಲ್ಲವೇ ಅಜ್ಜಿ, ನಾನು ಬರೀ ಕೇಳುವವಳು, ಚಿಲಕ ತಣ್ಣಗಿದೆ, ಬಾಗಿಲು ಒಂದು ಬೆರಳಷ್ಟು ಸರಿಯಿತು, ಸಂದಿಯಲ್ಲಿ ಬೆಳಕು, ಹೂಂ, ಇನ್ನೊಂದು ಬೆರಳು, ಬೆಳಕಿನಲ್ಲಿ ಯಾರದೋ ಕಾಲು, ಹೂಂ, ಬಾಗಿಲು, ಬೆಳಕು, ಕಾಲು, ಹೂಂ