ಹದಿನೇಳನೆಯ ಕಂಡಿ

ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಹೊತ್ತಿದ್ದ ಆರು ಜನರಲ್ಲಿ ಇಬ್ಬರು ಗೋಡೆಗೆ ಅಂಟಿಕೊಂಡು ಉಸಿರು ಬಿಗಿಹಿಡಿದಿದ್ದರು.

“ತಲೆ ಕಡೆ ಒಂಚೂರು ಎತ್ರಪ್ಪಾ.”

“ಎತ್ತಿದ್ರೆ ಬಲ್ಬು ಒಡೆಯುತ್ತೆ.”

“ಒಡೀಲಿ ಬಿಡು, ಹಾಕಿದೋನೂ ನಾನೇ,” ಎಂದ ಲೈನ್‌ಮನ್, ಹೆಗಲು ಬದಲಿಸುತ್ತ.

ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದ ಅತ್ತೆ, ಸತ್ತವನ ಅಕ್ಕ, ಸೆರಗಿನಿಂದ ಮೂಗೊರೆಸಿಕೊಂಡಳು. “ಹುಟ್ಟುವಾಗ್ಲೂ ಹೀಗೇ ಅಡ್ಡ ಸಿಕ್ಕೊಂಡಿದ್ದ. ಎರಡು ದಿನ ನಮ್ಮವ್ವನ್ನ ಗೋಳು ಹುಯ್ಕೊಂಡ.”

ಯಾರೋ ನಕ್ಕರು. ನಕ್ಕದ್ದು ತಪ್ಪಾಯಿತೇನೋ ಎಂಬಂತೆ ಕೆಮ್ಮಿದರು. ಅಷ್ಟರಲ್ಲಿ ಪೆಟ್ಟಿಗೆ ಗೋಡೆಯ ಸುಣ್ಣವನ್ನು ಒಂದು ಗೇಣು ಕೆರೆದುಕೊಂಡು ಬಿಡಿಸಿಕೊಂಡಿತು.

ಮಗಳು ಅಮ್ಮನ ಮೊಣಕೈ ಹಿಡಿದು ಹಿಂದೆ ಇಳಿದಳು. ಅವಳು ಅಣೆಕಟ್ಟೆಯ ಆಫೀಸಿನಲ್ಲಿ ಟೈಪಿಸ್ಟ್. ಅಪ್ಪನದೂ ಅಲ್ಲಿಯದೇ ಕೆಲಸ. ಕಟ್ಟೆಯ ಹೊಟ್ಟೆಯೊಳಗಿನ ಸುರಂಗಕ್ಕೆ ದಿನಾ ಇಳಿದು, ಅಲ್ಲಿ ಜಿನುಗುವ ನೀರನ್ನು ಅಳೆದು ಬರೆದುಕೊಂಡು ಬರುವುದು. ಹನಿ ಎಣಿಸುವವನೆಂದು ಕಾಲನಿಯವರು ಇಟ್ಟ ಹೆಸರು ಹನಿಯಪ್ಪ. ಅದು ಎಷ್ಟು ಒಗ್ಗಿಹೋಗಿತ್ತೆಂದರೆ ಅಂಚೆಯವನೂ ಆ ಹೆಸರನ್ನೇ ಕೂಗಿ ಕಾಗದ ಕೊಡುತ್ತಿದ್ದ.

ಸ್ಮಶಾನ ಕಣಿವೆಯ ಈ ಮಗ್ಗುಲಿನ ಇಳಿಜಾರಿನಲ್ಲಿತ್ತು. ದಾರಿಯಲ್ಲಿ ಇಂಜಿನಿಯರ್ ಅವಳ ಪಕ್ಕಕ್ಕೆ ಬಂದರು. ವರ್ಗವಾಗಿ ಬಂದು ಒಂದು ವರ್ಷವಾಗಿದ್ದ, ಮೆತ್ತಗೆ ಮಾತಾಡುವ ಮನುಷ್ಯ.

“ಮೂವತ್ತೊಂದು ವರ್ಷದಲ್ಲಿ ಒಂದು ದಿನದ ಅಂಕಿಯೂ ತಪ್ಪಿಸಿಲ್ಲಮ್ಮ ನಿಮ್ಮಪ್ಪ. ಸುರಕ್ಷತಾ ಸಮಿತಿಯವರು ಅವರ ಅಂಕಿ ನೋಡಿಯೇ ಒಪ್ಪಿಗೆ ಕೊಟ್ಟದ್ದು. ನಾಳೆ ಬೆಳಿಗ್ಗೆ ಗೇಟು ಪೂರ್ತಿ ಹಾಕ್ತೀವಿ. ಆರು ವರ್ಷದಲ್ಲಿ ಮೊದಲ ಸಲ ಕಟ್ಟೆ ತುಂಬುತ್ತೆ. ನೋಡೋಕೆ ಅವರಿರಬೇಕಿತ್ತು.”

“ಹೂಂ,” ಎಂದಳು ಮಗಳು. ಕೆಳಗೆ ಹೊಳೆಯ ಎರಡೂ ದಡಕ್ಕೆ ಊರು ಹರಡಿಕೊಂಡಿತ್ತು. ಶಾಲೆಯ ತಗಡು ಮಾಡು ಬಿಸಿಲಿಗೆ ಮಿಂಚುತ್ತಿತ್ತು. ಅವಳು ಬೇಗ ಕಣ್ಣು ಬೇರೆ ಕಡೆ ಹೊರಳಿಸಿದಳು.

*

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ, ಅಪ್ಪ ಒಂದು ರಜೆಯ ದಿನ ಅವಳನ್ನು ಸುರಂಗಕ್ಕೆ ಕರೆದೊಯ್ದಿದ್ದ. ಮುನ್ನೂರ ಹನ್ನೆರಡು ಮೆಟ್ಟಿಲು. ಕೆಳಗೆ ಹೋದಂತೆ ಚಳಿ ಹೆಚ್ಚಿತು. ನೆಲದಲ್ಲಿ ಸಾಲಾಗಿ ನಲವತ್ತು ಕಂಡಿಗಳು, ಒಂದೊಂದಕ್ಕೂ ಬಾಗಿದ ಕೊಳವೆ, ಕೊಳವೆಯಿಂದ ಸಣ್ಣಗೆ ಸುರಿಯುವ ನೀರು. ಅವಳು ಹೆದರಿ ಅವನ ಅಂಗಿ ಹಿಡಿದಳು.

“ಅಪ್ಪ, ಕಟ್ಟೆ ಸೋರ್ತಿದೆ!”

“ಸೋರಬೇಕು ಮಗಳೇ. ನೀರು ಸುಮ್ನೆ ಕೂರೋ ಜಾತಿಯಲ್ಲ. ಬಂಡೆ ಸಂದೀಲಿ ನುಗ್ಗಿ ಕಟ್ಟೇನ ಅಡಿಯಿಂದ ಮೇಲಕ್ಕೆ ಒತ್ತುತ್ತೆ. ಅದು ಹೊರಗೆ ಬರಲಿ ಅಂತಾನೇ ಈ ಕಂಡಿ. ಬರ್ತಾ ಇದ್ರೆ ನೆಮ್ಮದಿ. ನಿಂತುಹೋಯ್ತೋ, ಆಗ ಹೆದರು.”

ಆಮೇಲೆ ಕಬ್ಬಿಣದ ಸಲಾಕೆ ತಂದು ಹದಿನೇಳನೆಯ ಕಂಡಿಗೆ ಇಳಿಸಿ ಕುಕ್ಕಿದ. ಸುಣ್ಣ ಕಟ್ಟಿಕೊಂಡಿತ್ತು. “ಇದೊಂದು ಮೊಂಡು. ಹದಿನೈದು ದಿನಕ್ಕೊಮ್ಮೆ ಗಂಟಲು ಕೆರೀಬೇಕು.” ಕಂಡಿ ಕೆರೆಯುವುದು ಅವನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಯಾರೂ ಹೇಳಿರಲಿಲ್ಲ, ಆದ್ದರಿಂದ ಯಾರಿಗೂ ಗೊತ್ತಿರಲೂ ಇಲ್ಲ.

*

ಮಣ್ಣು ಹಾಕಿ ಮುಗಿದ ಮೇಲೆ ಜನ ಗುಂಪುಗುಂಪಾಗಿ ಕರಗಿದರು. ಸ್ಮಶಾನದ ನಲ್ಲಿಯಲ್ಲಿ ಲೈನ್‌ಮನ್ ಕೈ ತೊಳೆಯುತ್ತಿದ್ದ. ಸುರಂಗದ ದೀಪಗಳು ಅವನ ಸುಪರ್ದಿನವು. ಅಪ್ಪನ ಜೊತೆ ದಿನಾ ಒಳಗೆ ಹೋಗುತ್ತಿದ್ದವನು ಅವನೊಬ್ಬನೇ.

“ನಿಜ ಹೇಳಣ್ಣ. ಅಪ್ಪ ಕೊನೇ ಸಲ ತಳಕ್ಕೆ ಇಳಿದದ್ದು ಯಾವಾಗ?”

ಅವನು ನಲ್ಲಿ ನಿಲ್ಲಿಸಲಿಲ್ಲ. ತೊಳೆದ ಕೈಯನ್ನೇ ಮತ್ತೆ ತೊಳೆದ.

“ಹೋದ ಮಳೆಗಾಲಕ್ಕೆ ಮುಂಚೆ.”

“ಹದಿನಾಲ್ಕು ತಿಂಗಳು.”

“ಮಂಡಿ ಸೋತಿತ್ತಲ್ಲಮ್ಮ. ಇನ್ನೊಬ್ಬರನ್ನ ಕೊಡಿ ಅಂತ ಮೂರು ಸಲ ಅರ್ಜಿ ಹಾಕಿದ. ಅಳೆಯೋ ಯಂತ್ರ ಬರುತ್ತೆ, ಅಲ್ಲೀವರೆಗೆ ಹೆಂಗೋ ತಳ್ಳು ಅಂದ್ರು ಆಗಿನ ಸಾಹೇಬ್ರು. ತಳ್ಳಿದ. ನೂರನೇ ಮೆಟ್ಟಿಲ ಮೇಲೆ ಕೂತು ಹಳೇ ಪುಸ್ತಕ ನೋಡ್ಕೊಂಡು ಬರೀತಿದ್ದ. ನಾನು ಟಾರ್ಚು ಹಿಡೀತಿದ್ದೆ.”

“ನೀನ್ಯಾಕೆ ಯಾರಿಗೂ ಹೇಳ್ಲಿಲ್ಲ?”

ಅವನು ಈಗ ನಲ್ಲಿ ನಿಲ್ಲಿಸಿದ. “ಟೈಪು ಮಾಡ್ತಿದ್ದೋಳು ನೀನು. ನೀನ್ಯಾಕೆ ಕೇಳ್ಲಿಲ್ಲ?”

*

ಎಂಟು ತಿಂಗಳ ಹಿಂದೆ ಅವಳು ಅದನ್ನು ಕಂಡಿದ್ದಳು. ಯಾವುದೋ ಹಳೆಯ ವರದಿ ಹುಡುಕುವಾಗ ಮೂರು ವರ್ಷದ ಹಿಂದಿನ ಹಾಳೆ ಕೈಗೆ ಬಂತು. ನಲವತ್ತು ಕಂಡಿಗಳ ನಲವತ್ತು ಅಂಕಿಗಳು, ಅವತ್ತು ಬೆಳಿಗ್ಗೆ ಅಪ್ಪ ಕೊಟ್ಟ ತಿಂಗಳ ಹಾಳೆಯಲ್ಲೂ ಅವೇ ಇದ್ದವು. ದಶಮಾಂಶ ಚುಕ್ಕೆಯ ಆಚೆಯ ಅಂಕಿಯೂ ಬಿಡದಂತೆ.

ಸಂಜೆ ಮನೆಯಲ್ಲಿ ಅಪ್ಪ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತಿದ್ದ. ಮಂಡಿ ಕುಂಬಳಕಾಯಿಯ ಹಾಗೆ ಊದಿತ್ತು.

“ಅಪ್ಪ, ಈ ತಿಂಗಳ ಅಂಕಿ ಸರಿ ಇದೆಯಾ?”

“ಯಾಕೆ, ಏನಾಗಿದೆ ಅದಕ್ಕೆ?” ಎಂದ ಅಪ್ಪ ಬಕೆಟ್ಟನ್ನೇ ನೋಡುತ್ತ.

“ಏನಿಲ್ಲ. ಸುಮ್ನೆ ಕೇಳಿದೆ.”

ಮರುದಿನ ಅವಳು ಹದಿನೇಳನೆಯ ಕಂಡಿಯ ನಾಲ್ಕು ಪಾಯಿಂಟ್ ಆರನ್ನು ನಾಲ್ಕು ಪಾಯಿಂಟ್ ಏಳು ಎಂದು ಟೈಪು ಮಾಡಿದಳು. ಇನ್ನೂ ಐದಾರು ಕಡೆ ಹಾಗೇ ಅಷ್ಟಿಷ್ಟು ತಿದ್ದಿದಳು, ಯಾರ ಕಣ್ಣಿಗೂ ಬೀಳದಿರಲೆಂದು. ಅಂದಿನಿಂದ ತಿಂಗಳು ತಿಂಗಳೂ ತಿದ್ದಿದಳು. ಅಪ್ಪನಿಗಾಗಿಯೇ ತಿದ್ದುತ್ತಿದ್ದೇನೆ ಎಂದುಕೊಂಡಿದ್ದಳು.

*

ಮನೆಯ ಮುಂದಿನ ಅಂಗಳದಲ್ಲಿ ಬಾಡಿಗೆಯ ಕುರ್ಚಿಗಳಲ್ಲಿ ಜನ ಚಹಾ ಕುಡಿಯುತ್ತಿದ್ದರು. ಅವಳು ನೇರ ಹೋಗಿ ಇಂಜಿನಿಯರ್ ಎದುರು ನಿಂತಳು.

“ಸಾರ್, ನಾಳೆ ಗೇಟು ಹಾಕಬೇಡಿ.”

“ಇವತ್ತು ಆಫೀಸಿನ ಮಾತು ಯಾಕಮ್ಮ?”

“ಹದಿನಾಲ್ಕು ತಿಂಗಳಿಂದ ಅಪ್ಪ ತಳಕ್ಕೆ ಇಳಿದಿಲ್ಲ. ಕೊಟ್ಟದ್ದೆಲ್ಲ ಹಳೇ ಅಂಕಿ. ನನಗೆ ಗೊತ್ತಿತ್ತು. ಗೊತ್ತಿದ್ದೂ ತಿದ್ದಿ ಟೈಪು ಮಾಡಿದೆ.”

ಲೋಟಗಳು ಇದ್ದಲ್ಲೇ ನಿಂತವು. ಮೊದಲು ಬಾಯಿಬಿಟ್ಟವಳು ಅತ್ತೆ. “ಅವನ ಮೇಲೆ ಹಾಕಿದ ಮಣ್ಣು ಇನ್ನೂ ಆರಿಲ್ಲ, ಹೆತ್ತಪ್ಪನ ಮುಖಕ್ಕೆ ಮಸಿ ಬಳೀತೀಯಲ್ಲೇ!”

ಅಮ್ಮ ಕೂಗಾಡಲಿಲ್ಲ. ಅವಳ ದನಿ ಲೆಕ್ಕ ಒಪ್ಪಿಸುವವಳಂತಿತ್ತು. “ದಿನಾ ಐದೂವರೆಗೆ ಎದ್ದು ಡಬ್ಬಿ ಕಟ್ಟಿ ಕಳಿಸಿದ್ದೀನಿ ನಾನು. ಇಳೀದೆ ಇದ್ರೆ ಅಷ್ಟು ಹೊತ್ತು ಎಲ್ಲಿರ್ತಿದ್ರು ಅವರು?”

“ಅಮ್ಮಾ...”

“ಸುಳ್ಳು ಅನ್ನು. ಇಷ್ಟು ಜನರ ಮುಂದೆ ಹೇಳಿದೆಯಲ್ಲ, ಇಷ್ಟು ಜನರ ಮುಂದೇನೇ ಸುಳ್ಳು ಅನ್ನು.”

ಮಗಳು ಅನ್ನಲಿಲ್ಲ. ಇಂಜಿನಿಯರ್ ಲೋಟ ಕೆಳಗಿಟ್ಟು ಎದ್ದರು.

ಇಂಜಿನಿಯರ್, ಮಗಳು, ಲೈನ್‌ಮನ್ ಮೂವರೂ ಸುರಂಗಕ್ಕೆ ಇಳಿದರು. ನೂರನೆಯ ಮೆಟ್ಟಿಲಲ್ಲಿ ಮಡಚಿದ ಗೋಣಿಚೀಲವೊಂದು ಕೂತು ಕೂತು ತಗ್ಗಾಗಿತ್ತು. ಅದನ್ನು ತುಳಿಯದೆ ಬಳಸಿಕೊಂಡು ಹೋದರು. ತಳದಲ್ಲಿ ಲೈನ್‌ಮನ್ ಬೆಳಕು ಬಿಟ್ಟ. ನೆಲ ಒಣಗಿತ್ತು. ಕೊಳವೆಗಳ ಬಾಯಲ್ಲಿ ಸುಣ್ಣ ಮೇಣದಂತೆ ಹೆಪ್ಪುಗಟ್ಟಿತ್ತು. ನಲವತ್ತರಲ್ಲಿ ನಾಲ್ಕು ಮಾತ್ರ ತೊಟ್ಟಿಕ್ಕುತ್ತಿದ್ದವು.

“ಹೆಚ್ಚೇನೂ ಸೋರ್ತಿಲ್ವಲ್ಲ ಸಾರ್. ಬಚಾವಾದ್ವಿ,” ಎಂದ ಲೈನ್‌ಮನ್.

“ಬಚಾವಲ್ಲಪ್ಪ,” ಎಂದರು ಇಂಜಿನಿಯರ್.

ಮಗಳು ಸೀರೆ ಎತ್ತಿ ಕಟ್ಟಿ, ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಸಲಾಕೆ ತಂದಳು. ಹದಿನೇಳನೆಯ ಕೊಳವೆ ಕಳಚಿ ಕಂಡಿಗೆ ಕುಕ್ಕಿದಳು. ಕಲ್ಲಿಗೆ ಕುಕ್ಕಿದ ಹಾಗಾಯಿತು. ಲೈನ್‌ಮನ್ ಕೈ ಜೋಡಿಸಿದ. ಇಪ್ಪತ್ತನೆಯ ಏಟಿಗೋ ಮೂವತ್ತನೆಯದಕ್ಕೋ ಒಳಗೇನೋ ಒಡೆಯಿತು. ಸಲಾಕೆ ಇಬ್ಬರ ಕೈಯಿಂದಲೂ ಕಿತ್ತುಕೊಂಡು ಹಾರಿತು. ನೀರು ಸುರಂಗದ ಚಾವಣಿಗೆ ಬಡಿದು ಮೂವರನ್ನೂ ತೋಯಿಸಿತು. ಇಂಜಿನಿಯರ್ ಆಗಲೇ ಎರಡೆರಡು ಮೆಟ್ಟಿಲು ಹಾರುತ್ತ ಮೇಲಕ್ಕೆ ಓಡುತ್ತಿದ್ದರು.

ಅವಳು ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಬಂದಾಗ ಐದೂ ಗೇಟುಗಳು ಏಳುತ್ತಿದ್ದವು. ಕಾಲಡಿಯ ಕಾಂಕ್ರೀಟು ನಡುಗಿತು. ನೀರು ಬಂಡೆಗೆ ಬಿದ್ದು ಹೊಗೆಯಾಗಿ ಎದ್ದು, ಗಾಳಿ ಅದನ್ನು ಕಾಲನಿಯ ಮೇಲೆ ತೂರಿತು. ಸುಡು ಬಿಸಿಲಿನಲ್ಲಿ ಮಳೆ ಹಿಡಿದಂತಾಯಿತು. ದೂರದ ಅಂಗಳದಲ್ಲಿ ಜನ ಕುರ್ಚಿಗಳನ್ನು ತಲೆಯ ಮೇಲೆ ಬೋರಲು ಹೊತ್ತುಕೊಂಡು ಒಳಗೆ ಓಡುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು ಕೈ ಬೀಸಿ ಕರೆಯುತ್ತಿದ್ದಳು. ಅಮ್ಮ ಮಾತ್ರ ಏಳಲಿಲ್ಲ. ಕೂತಿದ್ದ ಕುರ್ಚಿಯನ್ನೇ ಎಳೆದು ತಿರುಗಿಸಿ, ಕಟ್ಟೆಗೆ ಬೆನ್ನು ಹಾಕಿ, ನೆನೆಯುತ್ತ ಕೂತಳು.