ಮಾವನಿಗೆ ಬಂದ ಕರೆ

ಸೊಸೆಗೆ ಸರ್ಕಾರ ಸಂಬಳ ಕೊಡುತ್ತಿದ್ದುದು ಸುಳ್ಳು ಹೇಳುವುದಕ್ಕೆ. ಫೋನಿನಲ್ಲಿ ಹಣ ದೋಚುವವರಿಗೆ ಜನ ಹೇಗೆ ಮರುಳಾಗುತ್ತಾರೆಂದು ತಿಳಿಯುವ ಅಧ್ಯಯನ ಅದು. ಒಪ್ಪಿ ಹೆಸರು ಕೊಟ್ಟವರಿಗೆ ಅವಳೂ ಜೊತೆಯವರೂ ಬ್ಯಾಂಕಿನವರಂತೆ ಕರೆ ಮಾಡುತ್ತಿದ್ದರು. ಯಾವಾಗ ಎಂದು ಮೊದಲೇ ಹೇಳುವಂತಿಲ್ಲ. ನಿವೃತ್ತ ಬಸ್ ಕಂಡಕ್ಟರ್ ಆಗಿದ್ದ ಮಾವನೂ ಹೆಸರು ಕೊಟ್ಟಿದ್ದರು. ಪರೀಕ್ಷೆಯ ನಡುವೆ ಮನೆಯವರು ಬಾಯಿ ಹಾಕಕೂಡದು. ಹಾಕಿದವಳು ಕಚೇರಿಯವಳೇ ಆದರೆ ಕೆಲಸಕ್ಕೇ ಸಂಚಕಾರ.

ಅವಳು ರಜೆ ಹಾಕಿ ಮನೆಯಲ್ಲಿದ್ದ ಬೆಳಿಗ್ಗೆ, ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ, ಮಾವನ ಫೋನು ಬಡಿದುಕೊಂಡಿತು. ಕಿವಿ ಮಂದ, ಹಾಗಾಗಿ ಅವರದು ಯಾವಾಗಲೂ ಸ್ಪೀಕರ್.

"ನಿಮ್ಮ ಖಾತೆ ಬಂದ್ ಆಗಿದೆ ಸರ್. ಫೋನಿಗೆ ಬಂದಿರೋ ನಂಬರ್ ಹೇಳಿ, ಸರಿಮಾಡ್ತೀನಿ."

ಮಾವ ಅವಳತ್ತ ಕಣ್ಣು ಮಿಟುಕಿಸಿದರು. ಕಚೇರಿಗೆ ಸೇರಿದ ಹೊಸಬನಿರಬೇಕೆಂದು ಅವಳೂ ನಕ್ಕಳು.

"ಅಲ್ಲಪ್ಪಾ, ಇಷ್ಟು ಮೆತ್ತಗೆ ಕೇಳಿದ್ರೆ ಯಾರು ಕೊಡ್ತಾರೆ? ನಾನು ಟಿಕೆಟ್ ಅಂದ್ರೆ ನಿದ್ದೆ ಮಾಡೋನೂ ಎದ್ದು ಕೂರ್ತಿದ್ದ."

"ಪ್ಲೀಸ್ ಸರ್. ನನ್ನ ಕೆಲ್ಸ ಹೋಗುತ್ತೆ."

ಮಾವನ ಮನಸ್ಸು ಕರಗಿತು. "ಪಾಪ, ಪಾಸಾಗ್ಲಿ ಬಿಡು," ಎಂದು ಅವಳಿಗೆ ಪಿಸುಗುಟ್ಟಿ, ನಂಬರ್ ಓದಲು ಕನ್ನಡಕ ಏರಿಸಿದರು. ಅವಳು ತುಟಿ ಕಚ್ಚಿಕೊಂಡು ನಿಂತಳು.

"ಬೇಗ ಸರ್. ಇಲ್ದಿದ್ರೆ ನಿಮ್ಮ ಮಗನ ಆಫೀಸಿಗೇ ಪೊಲೀಸರು ಹೋಗ್ತಾರೆ."

ಕಚೇರಿಯವರು ಏನು ಸುಳ್ಳು ಬೇಕಾದರೂ ಹೇಳಬಹುದಿತ್ತು, ಮಕ್ಕಳ ಹೆಸರೆತ್ತಿ ಹೆದರಿಸುವಂತಿರಲಿಲ್ಲ. ಅವಳು ಫೋನು ಕಿತ್ತುಕೊಂಡಳು. ಬೈಯಬೇಕೆಂದು ಬಾಯಿ ತೆರೆದರೆ ದಿನವೂ ಹೇಳಿ ಬಾಯಿಪಾಠವಾದದ್ದೇ ಹೊರಬಿತ್ತು:

"ಗಾಬರಿಯಾಗಬೇಡಿ. ಇದು ಸರ್ಕಾರದ ಪರೀಕ್ಷಾ ಕರೆ. ನಿಮ್ಮ ಮಾತು ದಾಖಲಾಗಿದೆ. ಸಹಕಾರಕ್ಕೆ ಧನ್ಯವಾದ."

ಆ ಕಡೆಯವನ ದನಿ ತಟ್ಟನೆ ಬದಲಾಯಿತು. "ಸರ್ಕಾರದ್ದಾ ಮೇಡಂ? ನಂಗೇನೂ ಗೊತ್ತಿಲ್ಲ," ಎಂದವನೇ ಕರೆ ಕಡಿದ.

"ಮಾವ, ಅವನು ನಮ್ಮವನಲ್ಲ. ನಿಜವಾದ ಕಳ್ಳ."

ಮಾವ ಖಾತೆ ತೆರೆದು ನೋಡಿದರು. ಜೀವಮಾನದ ಗಳಿಕೆ ಇದ್ದಲ್ಲೇ ಇತ್ತು. ಇಬ್ಬರ ಹೊಟ್ಟೆಗೂ ಹಾಲು ಹುಯ್ದಂತಾಯಿತು.

"ಕೊಟ್ಟೇಬಿಡ್ತಿದ್ದೆ ಕಣಮ್ಮ. ಅವನನ್ನ ನಂಬಿ ಅಲ್ಲ, ನಿಮ್ಮ ಹುಡುಗ ಅಂತ."

ಜನ ಏಕೆ ಮೋಸಹೋಗುತ್ತಾರೆಂಬ ಪಟ್ಟಿಯಲ್ಲಿ ಭಯವಿತ್ತು, ಆಸೆಯಿತ್ತು. ಇದು ಯಾರಿಗೂ ಹೊಳೆದಿರಲಿಲ್ಲ.

"ನಾಳೆ ಆಫೀಸಲ್ಲಿ ಹೇಳ್ತೀನಿ. ನಮ್ಮದೇ ಕರೆ ಅನ್ಸಿದ್ರೂ ನಂಬರ್ ಕೊಡ್ಬೇಡಿ ಅಂತ ಎಲ್ಲರಿಗೂ ತಿಳಿಸ್ಬೇಕು."

"ನನ್ನ ಹೆಸ್ರು ಹೇಳ್ಬೇಡ."

"ಇಲ್ಲ ಮಾವ."

ಅವರು ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಸುದ್ದಿ ಹೇಳಲು ಹೊರಟವರು ಬಾಗಿಲಲ್ಲಿ ತಿರುಗಿದರು.

"ಕಂಡಕ್ಟರೊಬ್ಬರು ಕಂಡುಹಿಡಿದ್ರು ಅಂತ ಬೇಕಾದ್ರೆ ಹೇಳು."